ಎಲೆಕ್ಟ್ರಿಕ್ ಸೈಕಲ್‌ನ ಬ್ರೇಕ್ ವೈರ್ ಕಿತ್ತು ಹಾಕಿದರೂ ನಡೆಯುತ್ತದೆಯೇ?

“ಕಿಟ್ ಜೊತೆ ಬರುವ ಬ್ರೇಕ್ ವೈರ್ ಬೇಕಾಗಿಲ್ಲ, ಜೋಡಿಸದಿದ್ದರೂ ಮೋಟಾರ್ ಓಡುತ್ತದೆ.” ಹಳೆಯ ಸೈಕಲ್‌ಗೆ ಮೋಟಾರ್ ಕೂರಿಸುವ ವಿಡಿಯೊಗಳನ್ನು ನೋಡುವವರಿಗೆ ಈ ಮಾತು ಹೊಸದಲ್ಲ. ಇದರಲ್ಲಿ ಅರ್ಧ ನಿಜ. ವೈರ್ ಜೋಡಿಸದಿದ್ದರೂ ಮೋಟಾರ್ ಓಡುತ್ತದೆ. ಆದರೆ ನಿಲ್ಲಬೇಕಾದ ಹೊತ್ತಿನಲ್ಲೂ ಅದು ಓಡುತ್ತಿರಬಹುದು ಎಂಬುದೇ ತೊಂದರೆ.

2022ರ ಫೆಬ್ರವರಿಯಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅವರು ಸಾಮಾನ್ಯ ಸೈಕಲ್ಲನ್ನು ಎಲೆಕ್ಟ್ರಿಕ್ ಮಾಡುವ ಸಾಧನವೊಂದರ ವಿಡಿಯೊ ಹಂಚಿಕೊಂಡಾಗ ಅದು ದೇಶದ ತುಂಬ ಹರಿದಾಡಿತು. ಈಗ ಕಿಟ್‌ಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕಲು, ಗದ್ದೆಗೆ ಹೋಗಲು, ಪೇಟೆಗೆ ಬರಲು ಇದು ಕಡಿಮೆ ಖರ್ಚಿನ ದಾರಿ. ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಆ ಚಿಕ್ಕ ವೈರ್ ಏಕಿದೆ ಎಂದು ತಿಳಿದು ಮಾಡಬೇಕು.

ಬ್ರೇಕ್ ಸ್ವಿಚ್ ಮಾಡುವ ಕೆಲಸವೇನು?

ಕಿಟ್‌ನಲ್ಲಿ ಬರುವ ಬ್ರೇಕ್ ಲಿವರ್‌ಗಳ ಒಳಗೆ ಪುಟ್ಟ ಸ್ವಿಚ್ ಇರುತ್ತದೆ. ಲಿವರ್ ಸ್ವಲ್ಪ ಒತ್ತಿದ ಕೂಡಲೇ ಅದು ಕಂಟ್ರೋಲರ್‌ಗೆ ಸೂಚನೆ ಕೊಡುತ್ತದೆ. ಕಂಟ್ರೋಲರ್ ಮೋಟಾರ್‌ಗೆ ಹೋಗುವ ಕರೆಂಟ್ ನಿಲ್ಲಿಸುತ್ತದೆ. ಕೆಲವು ಲಿವರ್‌ಗಳಲ್ಲಿ ಎರಡು ವೈರ್, ಅಯಸ್ಕಾಂತದ ಹಾಲ್ ಸೆನ್ಸರ್ ಇರುವವುಗಳಲ್ಲಿ ಮೂರು ವೈರ್ ಇರುತ್ತವೆ. ಕೆಲಸ ಒಂದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈ ಸ್ವಿಚ್ ಸೈಕಲ್ಲನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ರಿಮ್‌ಗೆ ಒತ್ತುವ ಬ್ರೇಕ್ ರಬ್ಬರ್ ಅಥವಾ ಡಿಸ್ಕ್. ನೀವು ಹಿಂದಕ್ಕೆ ಹಿಡಿಯುವಾಗ ಮೋಟಾರ್ ಮುಂದಕ್ಕೆ ತಳ್ಳದಂತೆ ನೋಡಿಕೊಳ್ಳುವುದಷ್ಟೇ ಸ್ವಿಚ್‌ನ ಕೆಲಸ.

“ಆಕ್ಸಿಲರೇಟರ್ ಬಿಟ್ಟರೆ ಮೋಟಾರ್ ನಿಲ್ಲುತ್ತದಲ್ಲ?”

ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿರುವ ಸಂದರ್ಭಗಳೂ ಇವೆ:

• ಆಕ್ಸಿಲರೇಟರ್ ಇರುವುದು ಬಲಗೈಯಲ್ಲಿ, ಮುಂದಿನ ಬ್ರೇಕ್ ಕೂಡ ಸಾಮಾನ್ಯವಾಗಿ ಬಲಗೈಯಲ್ಲಿ. ದಿಢೀರನೆ ಎಮ್ಮೆ ಅಡ್ಡ ಬಂದಾಗ ಗಾಬರಿಯಲ್ಲಿ ಹ್ಯಾಂಡಲ್ ಬಿಗಿ ಹಿಡಿಯುತ್ತೇವೆ. ಬ್ರೇಕ್ ಒತ್ತಿದ ಅದೇ ಕೈಯಲ್ಲಿ ಆಕ್ಸಿಲರೇಟರ್ ತಿರುಗಿಯೇ ಇರಬಹುದು.

• ಪೆಡಲ್ ತುಳಿದಾಗ ಮೋಟಾರ್ ಓಡುವ ವ್ಯವಸ್ಥೆಯಲ್ಲಿ, ತುಳಿಯುವುದು ನಿಲ್ಲಿಸಿದ ಮೇಲೂ ಮೋಟಾರ್ ಒಂದು ಕ್ಷಣ ಓಡಬಹುದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡ್ ತಡವಾದರೆ ಮೂರೂವರೆ ಮೀಟರ್.

• ಆಕ್ಸಿಲರೇಟರ್‌ನ ವೈರ್‌ಗಳಲ್ಲಿ ಗ್ರೌಂಡ್ ವೈರ್ ಮಾತ್ರ ತುಂಡಾದರೆ ಸಿಗ್ನಲ್ ಪೂರ್ತಿ ಮೇಲಕ್ಕೆ ಏರಬಹುದು. ಒಳ್ಳೆಯ ಕಂಟ್ರೋಲರ್ ಇದನ್ನು ದೋಷ ಎಂದು ಗುರುತಿಸಿ ನಿಲ್ಲಿಸುತ್ತದೆ. ಅಗ್ಗದ ಕಂಟ್ರೋಲರ್ ಅದನ್ನೇ ಫುಲ್ ಆಕ್ಸಿಲರೇಟರ್ ಎಂದು ತಿಳಿದುಕೊಳ್ಳಬಹುದು.

ಮೂರೂ ಸಂದರ್ಭದಲ್ಲಿ ಕೈ ತಾನಾಗಿ ಹೋಗುವುದು ಬ್ರೇಕ್ ಲಿವರ್‌ಗೆ. ಮೋಟಾರ್ ನಿಲ್ಲಿಸುವ ಸ್ವಿಚ್ ಅಲ್ಲೇ ಇರುವುದಕ್ಕೆ ಕಾರಣ ಇದೇ. ಬ್ರೇಕ್ ಕೇಬಲ್ ತುಂಡಾಗಿದ್ದರೂ ಲಿವರ್ ಒತ್ತಿದರೆ ಮೋಟಾರ್ ಆದರೂ ನಿಲ್ಲುತ್ತದೆ.

“250 ವಾಟ್ ಮೋಟಾರ್ ಏನು ಮಹಾ, ಬ್ರೇಕ್ ಹಿಡಿದರೆ ನಿಲ್ಲುತ್ತದೆ”

ಒಳ್ಳೆಯ ಬ್ರೇಕ್ ಇದ್ದರೆ ಈ ಮಾತು ಬಹುಮಟ್ಟಿಗೆ ಸರಿ. ಆದರೆ ಎರಡು ವಿಷಯ ಗಮನಿಸಿ. ವೇಗ ಗಂಟೆಗೆ 15ರಿಂದ 25 ಕಿ.ಮೀ.ಗೆ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಸುಮಾರು 2.8 ಪಟ್ಟು ಆಗುತ್ತದೆ. ಅದರ ಮೇಲೆ 20 ಲೀಟರ್‌ನ ಎರಡು ಹಾಲಿನ ಕ್ಯಾನ್ ಕಟ್ಟಿದರೆ 40 ಕೆ.ಜಿ.ಗೂ ಹೆಚ್ಚು ಭಾರ ಸೇರುತ್ತದೆ. ತುಳಿದು ಓಡಿಸಲೆಂದು ಮಾಡಿದ ಬ್ರೇಕ್‌ಗೆ ಇದೇ ಸಾಕಷ್ಟು ಕೆಲಸ. ಮೋಟಾರ್‌ನ ತಳ್ಳಾಟವನ್ನೂ ಅದರ ಮೇಲೆ ಹಾಕಬಾರದು.

ಜೇಬಿಗೂ ನಷ್ಟವಿದೆ. ಕರೆಂಟ್ ಹರಿಯುತ್ತಿರುವಾಗ ಚಕ್ರವನ್ನು ಬಲವಂತವಾಗಿ ನಿಲ್ಲಿಸಿದರೆ ಆ ಶಕ್ತಿ ಮೋಟಾರ್, ಕಂಟ್ರೋಲರ್‌ಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಪದೇ ಪದೇ ಹೀಗಾದರೆ ಅವು ಬೇಗ ಸುಡುತ್ತವೆ.

ಕಪ್ಪು ಸೈಕಲ್‌ನ ರಾಡ್ ಬ್ರೇಕ್ ಸಮಸ್ಯೆ

ನಮ್ಮ ಕಡೆ ಮೋಟಾರ್ ಕೂರಿಸಲು ಗಟ್ಟಿಮುಟ್ಟು ಎಂದು ಆರಿಸುವುದು ಹಳೆಯ ಕಪ್ಪು ಸೈಕಲ್ಲನ್ನು. ಅದರಲ್ಲಿ ಕೇಬಲ್ ಇಲ್ಲ, ಕಬ್ಬಿಣದ ರಾಡ್ ಬ್ರೇಕ್ ಇದೆ. ಕಿಟ್‌ನ ಲಿವರ್ ಕೇಬಲ್ ಎಳೆಯಲು ಮಾಡಿದ್ದು, ಇದಕ್ಕೆ ಕೂರುವುದಿಲ್ಲ. ಆಗ ಅನೇಕರು ಸ್ವಿಚ್ಚನ್ನೇ ಕೈಬಿಡುತ್ತಾರೆ.

ಇದು ಎರಡು ಪಟ್ಟು ಅಪಾಯ. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಜಾರುತ್ತದೆ. ಎಚ್.ಡಿ. ಕೋಟೆ ಕಡೆಯ ಮುಂಗಾರು ಮಳೆಯಲ್ಲಿ ಸೈಕಲ್ ತುಳಿದವರಿಗೆಲ್ಲ ಇದು ಗೊತ್ತು. ಮೊದಲು ಕೇಬಲ್ ಬ್ರೇಕ್ ಅಥವಾ ಡಿಸ್ಕ್ ಬ್ರೇಕ್ ಇರುವ ಸೈಕಲ್ ಆರಿಸುವುದು ಒಳ್ಳೆಯದು. ರಾಡ್ ಬ್ರೇಕ್ ಸೈಕಲ್ಲೇ ಆಗಬೇಕೆಂದರೆ, ಬ್ರೇಕ್ ಜೊತೆಗೆ ರಿಮ್ ಕೂಡ ಬದಲಿಸಬೇಕಾಗುತ್ತದೆ. ರಾಡ್ ಬ್ರೇಕ್ ರಿಮ್‌ನ ಒಳಮೈಗೆ ಒತ್ತುತ್ತದೆ, ಕೇಬಲ್ ಬ್ರೇಕ್‌ಗೆ ಪಕ್ಕದ ಮೈ ಚಪ್ಪಟೆಯಾಗಿರಬೇಕು. ಇರುವ ಲಿವರ್‌ಗೇ ಅಂಟಿಸುವ ಅಯಸ್ಕಾಂತದ ಸೆನ್ಸರ್‌ಗಳೂ ಸಿಗುತ್ತವೆ. ಅದರಿಂದ ಮೋಟಾರ್ ನಿಲ್ಲುತ್ತದೆ, ಬ್ರೇಕ್ ಸುಧಾರಿಸುವುದಿಲ್ಲ.

“ಮೋಟಾರ್ ಓಡದಿದ್ದರೆ ಬ್ರೇಕ್ ವೈರ್ ಕಿತ್ತು ನೋಡಿ”

ದೋಷ ಹುಡುಕಲು ಇದು ಸರಿಯಾದ ಉಪಾಯವೇ. ದೂಳು, ತುಕ್ಕು, ಮಳೆ ನೀರಿನಿಂದ ಲಿವರ್‌ನ ಸ್ವಿಚ್ ಒತ್ತಿಕೊಂಡೇ ಉಳಿದರೆ ಕಂಟ್ರೋಲರ್ “ಬ್ರೇಕ್ ಹಿಡಿದಿದ್ದಾರೆ” ಎಂದುಕೊಂಡು ಮೋಟಾರ್ ಓಡಿಸುವುದಿಲ್ಲ. ಕನೆಕ್ಟರ್ ಬಿಚ್ಚಿದಾಗ ಓಡಿದರೆ ದೋಷ ಸ್ವಿಚ್‌ನಲ್ಲಿದೆ ಎಂದರ್ಥ. ಅದನ್ನು ಶುಚಿ ಮಾಡಬೇಕು ಅಥವಾ ಬದಲಿಸಬೇಕು. ಬಿಚ್ಚಿದ ವೈರ್‌ಗೆ ಟೇಪ್ ಸುತ್ತಿ ಹಾಗೇ ಬಿಡುವುದು ರಿಪೇರಿ ಅಲ್ಲ.

ಇದರಿಂದ ಇನ್ನೊಂದು ಮುಖ್ಯ ವಿಷಯ ತಿಳಿಯುತ್ತದೆ. ಹೆಚ್ಚಿನ ಕಿಟ್‌ಗಳಲ್ಲಿ ಲಿವರ್ ಒತ್ತಿದಾಗ ಮಾತ್ರ ಸರ್ಕ್ಯೂಟ್ ಕೂಡುತ್ತದೆ. ಹಾಗಾಗಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ವೈರ್ ಒಳಗೇ ತುಂಡಾಗಿದ್ದರೆ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ. ಸೈಕಲ್ ಮಾಮೂಲಾಗಿ ಓಡುತ್ತದೆ, ಸ್ವಿಚ್ ಮಾತ್ರ ಸತ್ತಿರುತ್ತದೆ. ನೀವೇ ಪರೀಕ್ಷಿಸದೆ ಬೇರೆ ದಾರಿ ಇಲ್ಲ.

ಒಂದು ನಿಮಿಷದ ಪರೀಕ್ಷೆ

1. ಸೈಕಲ್‌ಗೆ ಸ್ಟ್ಯಾಂಡ್ ಹಾಕಿ, ಮೋಟಾರ್ ಇರುವ ಚಕ್ರ ನೆಲದಿಂದ ಮೇಲಿರಲಿ. ಬಟ್ಟೆ, ಬೆರಳು, ಮಕ್ಕಳು ದೂರವಿರಲಿ.
2. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಬಿಡದೆ ಎಡ ಲಿವರ್ ಮೆಲ್ಲಗೆ ಒತ್ತಿ. ಮೋಟಾರ್ ನಿಲ್ಲಬೇಕು. ಬಲ ಲಿವರ್‌ಗೂ ಇದನ್ನೇ ಮಾಡಿ.
3. ಬ್ರೇಕ್ ರಬ್ಬರ್ ರಿಮ್‌ಗೆ ತಾಗುವ ಮೊದಲೇ ಮೋಟಾರ್ ನಿಲ್ಲಬೇಕು.
4. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೆ ಪರೀಕ್ಷಿಸಿ.

ವಾರಕ್ಕೊಮ್ಮೆ, ಮತ್ತು ಮಳೆಯಲ್ಲಿ ನೆನೆದ ಮೇಲೆ ತಪ್ಪದೆ ಮಾಡಿ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಇಳಿಯುವವರು, ನಾಗರಹೊಳೆ ಕಾಡಂಚಿನ ವೀರನಹೊಸಹಳ್ಳಿ, ಅಂತರಸಂತೆ ಕಡೆ ಓಡಾಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ಲಾರಿಯಾಗಲಿ ಆನೆಯಾಗಲಿ, ಎದುರಾದಾಗ ನಿಲ್ಲಲು ಸಿಗುವ ಜಾಗ ಕಡಿಮೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಮಾನ್ಯ ಪರೀಕ್ಷಾ ಸಂಸ್ಥೆ ಅದನ್ನು ದೃಢೀಕರಿಸಿದ್ದರೆ ಅದು ಮೋಟಾರು ವಾಹನ ಅಲ್ಲ. ಪೆಡಲ್ ತುಳಿಯುವ ಎಲೆಕ್ಟ್ರಿಕ್ ಸೈಕಲ್‌ಗೆ ಸೂಕ್ತ ಬ್ರೇಕ್, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದೂ ನಿಯಮ ಹೇಳುತ್ತದೆ. 350 ಅಥವಾ 500 ವಾಟ್ ಕಿಟ್ ಕೂರಿಸಿದರೆ ಈ ವಿನಾಯಿತಿ ಸಿಗುವುದಿಲ್ಲ. “ಸೈಕಲ್‌ಗೆ ಲೈಸೆನ್ಸ್ ಬೇಡ” ಎಂಬ ಫಾರ್ವರ್ಡ್ ಎಲ್ಲ ಕಿಟ್‌ಗಳಿಗೂ ಅನ್ವಯಿಸುವುದಿಲ್ಲ.

ಒಟ್ಟಿನಲ್ಲಿ: ಬ್ರೇಕ್ ವೈರ್ ಇಲ್ಲದೆಯೂ ಮೋಟಾರ್ ಓಡುತ್ತದೆ ಎಂಬುದು ನಿಜ, ಬೇಕಾಗಿಲ್ಲ ಎಂಬುದು ಸುಳ್ಳು. ಮೊದಲು ಒಳ್ಳೆಯ ಬ್ರೇಕ್, ಆಮೇಲೆ ಎರಡೂ ಲಿವರ್‌ಗೆ ಸ್ವಿಚ್, ಕೊನೆಗೆ ಮೋಟಾರ್. ಮನೆಯ ಮಕ್ಕಳು ಇಂಥ ಸೈಕಲ್ ಓಡಿಸುತ್ತಿದ್ದರೆ ಇವತ್ತೇ ಸ್ಟ್ಯಾಂಡ್ ಹಾಕಿ ಎರಡೂ ಲಿವರ್ ಒತ್ತಿ ನೋಡಿ.