ಪಂದ್ಯದ ಮರುದಿನವೂ ಅವರು ನಮ್ಮ ವಿದ್ಯಾರ್ಥಿಗಳೇ

ಬೋಧನಾಭ್ಯಾಸದ ಮೂರನೇ ವಾರ. ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಘಟಕದಿಂದ ಉಸಿರಾಟದ ಪಾಠ ಮಾಡುತ್ತಿದ್ದೆ. ಹಿಂದಿನ ದಿನ ಶಾಲೆಯ ಫುಟ್‌ಬಾಲ್ ತಂಡ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನ ಫೈನಲ್ ಆಡಿ ರಾತ್ರಿ ಊರು ಸೇರಿತ್ತು. ಕೊನೆಯ ಬೆಂಚಿನಲ್ಲಿ ತಂಡದ ಹುಡುಗನೊಬ್ಬ ತಲೆಯಾನಿಸಿ ನಿದ್ದೆ ಹೋಗಿದ್ದ. ಪಾಠ ವೀಕ್ಷಣೆಗೆ ಬಂದ ನಮ್ಮ ಉಪನ್ಯಾಸಕರು ಅವನ ಪಕ್ಕದಲ್ಲೇ ಕುಳಿತಿದ್ದರು. ನನಗೆ ಹುಡುಗನಿಗಿಂತ ನನ್ನ ಅಂಕಗಳ ಚಿಂತೆ ಹೆಚ್ಚಾಯಿತು. ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಅವಧಿ ಮುಗಿಯುವವರೆಗೂ ಅವನು ನಿಂತೇ ಇದ್ದ.

ಗಂಟೆ ಹೊಡೆದ ಮೇಲೆ ಅವನೇ ಬಂದು ಕೇಳಿದ: “ಮಿಸ್, ಓಡಿದಾಗ ಲ್ಯಾಕ್ಟಿಕ್ ಆಮ್ಲ ಆಗುತ್ತೆ ಅಂದ್ರಲ್ಲ, ಅದು ಇನ್ನೂ ಕಾಲಲ್ಲೇ ಇದೆಯಾ? ಮೆಟ್ಟಿಲು ಇಳಿಯೋಕೇ ಆಗ್ತಿಲ್ಲ.” ನಾನು ಯೋಚಿಸದೆ “ಹೌದು” ಎಂದೆ.

ಆ ದಿನ ನಾನು ಮಾಡಿದ್ದು ಎರಡು ತಪ್ಪು. ಒಂದು ವಿಜ್ಞಾನದ್ದು, ಇನ್ನೊಂದು ಶಿಕ್ಷಕಿಯಾಗಿ.

ಮೊದಲು ವಿಜ್ಞಾನದ ತಪ್ಪು. ಜೋರು ಓಟದಲ್ಲಿ ಏರಿದ ಲ್ಯಾಕ್ಟೇಟ್ ಆಟ ನಿಂತ ಒಂದೆರಡು ಗಂಟೆಗಳಲ್ಲೇ ಸಹಜ ಮಟ್ಟಕ್ಕೆ ಇಳಿಯುತ್ತದೆ. ಮರುದಿನದ ನೋವಿಗೆ ಅದು ಕಾರಣವಲ್ಲ. ಓಡುತ್ತಾ ತಟ್ಟನೆ ನಿಲ್ಲುವಾಗ, ದಿಕ್ಕು ಬದಲಿಸುವಾಗ, ಜಿಗಿದು ನೆಲಕ್ಕಿಳಿಯುವಾಗ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ಆಗ ಸ್ನಾಯುತಂತುಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ; ನೋವು 24ರಿಂದ 72 ಗಂಟೆಗಳ ನಡುವೆ ಹೆಚ್ಚು ಕಾಡುತ್ತದೆ. ಮೆಟ್ಟಿಲು ಇಳಿಯುವಾಗಲೂ ತೊಡೆಯ ಸ್ನಾಯು ಹೀಗೆಯೇ ಕೆಲಸ ಮಾಡುತ್ತದೆ. ಹುಡುಗ ಹತ್ತುವುದರ ಮಾತೆತ್ತದೆ ಇಳಿಯುವುದು ಕಷ್ಟ ಎಂದಿದ್ದ. ಅವನ ಗಮನಿಕೆ ನನ್ನ ಉತ್ತರಕ್ಕಿಂತ ಸರಿಯಾಗಿತ್ತು.

ವೃತ್ತಿಪರ ಆಟಗಾರನೊಬ್ಬ 90 ನಿಮಿಷಗಳ ಪಂದ್ಯದಲ್ಲಿ ಸುಮಾರು 10ರಿಂದ 12 ಕಿ.ಮೀ. ಕ್ರಮಿಸುತ್ತಾನೆ. ಡೆನ್ಮಾರ್ಕ್‌ನ ಸಂಶೋಧಕರು ಪಂದ್ಯದ ನಂತರ ಆಟಗಾರರ ತೊಡೆಯ ಸ್ನಾಯುವಿನ ಮಾದರಿ ಪರೀಕ್ಷಿಸಿದಾಗ, ಅರ್ಧದಷ್ಟು ತಂತುಗಳಲ್ಲಿ ಗ್ಲೈಕೋಜೆನ್ ಬಹುತೇಕ ಬರಿದಾಗಿತ್ತು. ಅದು ಮತ್ತೆ ತುಂಬಲು ಎರಡು ಮೂರು ದಿನ ಹಿಡಿಯುತ್ತದೆ. ಜಿಗಿತದ ಎತ್ತರ, ಓಟದ ವೇಗಗಳೂ ಹಲವರಲ್ಲಿ 72 ಗಂಟೆಗಳವರೆಗೆ ಪೂರ್ತಿ ಮರಳುವುದಿಲ್ಲ. ಶಾಲಾ ಪಂದ್ಯದ ಅವಧಿ ಕಡಿಮೆ, ನಿಜ. ಆದರೆ ನಮ್ಮ ಮಕ್ಕಳು ಒಂದೇ ದಿನ ಎರಡು ಪಂದ್ಯ ಆಡುತ್ತಾರೆ. 2023ರಲ್ಲಿ ಕರ್ನಾಟಕ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ, ರಿಯಾದ್‌ನಲ್ಲಿ ಸೆಮಿಫೈನಲ್ ನಡೆದದ್ದು ಮಾರ್ಚ್ 1ರಂದು, ಫೈನಲ್ ಮಾರ್ಚ್ 4ರಂದು. ಬೆಳೆದ ಆಟಗಾರರಿಗೆ ನಡುವೆ ಎರಡು ಪೂರ್ಣ ದಿನ; ನಮ್ಮ ಹದಿನೈದರ ಹುಡುಗರಿಗೆ ಊಟದ ಬಿಡುವು.

ದಣಿವನ್ನು ಅಳೆಯಲು ದುಬಾರಿ ಸಲಕರಣೆ ಬೇಕೆಂದು ನಾನೂ ತಿಳಿದಿದ್ದೆ. ದೊಡ್ಡ ಕ್ಲಬ್‌ಗಳು ಜಿಪಿಎಸ್ ಅಂಗಿ ತೊಡಿಸುತ್ತವೆ, ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಅಳೆಯುತ್ತವೆ. ಆದರೆ ಅವೇ ಕ್ಲಬ್‌ಗಳು ಪ್ರತಿ ಬೆಳಿಗ್ಗೆ ಆಟಗಾರರನ್ನು ಕೆಲವು ಸರಳ ಪ್ರಶ್ನೆಗಳನ್ನೂ ಕೇಳುತ್ತವೆ. ಹೂಪರ್ ಸೂಚ್ಯಂಕ ಎಂಬ ವಿಧಾನದಲ್ಲಿ ಇರುವುದು ನಾಲ್ಕೇ ಅಂಶ: ನಿದ್ದೆ, ದಣಿವು, ಸ್ನಾಯುನೋವು, ಮಾನಸಿಕ ಒತ್ತಡ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಮೊತ್ತ ಹೆಚ್ಚಾದಷ್ಟೂ ಸ್ಥಿತಿ ಕೆಟ್ಟದ್ದು. ಅಮೆರಿಕದ ಕಾರ್ಲ್ ಫೋಸ್ಟರ್ ರೂಪಿಸಿದ ಇನ್ನೊಂದು ವಿಧಾನ ಇನ್ನೂ ಸುಲಭ: ಆಟ ಎಷ್ಟು ಕಷ್ಟವೆನಿಸಿತು ಎಂಬುದಕ್ಕೆ 10ರಲ್ಲಿ ಅಂಕ ಕೇಳಿ, ಆಡಿದ ನಿಮಿಷಗಳಿಂದ ಗುಣಿಸುವುದು. 60 ನಿಮಿಷ ಆಡಿ 7 ಎಂದರೆ ಹೊರೆ 420. ಅದೇ ದಿನ ಅಂಥದ್ದೇ ಇನ್ನೊಂದು ಪಂದ್ಯವಾದರೆ 840. ಗುಣಾಕಾರ ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲ.

ನನ್ನ ಅಭಿಪ್ರಾಯ ಇಷ್ಟೆ: ಪಂದ್ಯದ ನಂತರದ ಮೂರು ದಿನ, ಪ್ರಾರ್ಥನೆ ಮುಗಿದ ಮೇಲೆ ತಂಡದ ಮಕ್ಕಳು ಈ ನಾಲ್ಕು ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದು ದೈಹಿಕ ಶಿಕ್ಷಕರಿಗೆ ಕೊಡಲಿ. ಒಬ್ಬರ ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸಬಾರದು. ಪಂದ್ಯವಿಲ್ಲದ ವಾರದ ಅವರದೇ ಅಂಕಕ್ಕೆ ಹೋಲಿಸಬೇಕು. ವ್ಯತ್ಯಾಸ ದೊಡ್ಡದಿದ್ದರೆ ಅಂದು ಓಟದ ಅಭ್ಯಾಸ ಬೇಡ, ಸಾಧ್ಯವಾದರೆ ಕಿರುಪರೀಕ್ಷೆಯನ್ನೂ ಮುಂದೂಡಲಿ. ಪಂದ್ಯ ಮುಗಿದ ಕೂಡಲೇ ನೀರು, ಅನ್ನವೋ ಬಾಳೆಹಣ್ಣೋ ಸಿಗುವಂತೆ ಏರ್ಪಾಡಾಗಲಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದನ್ನು ಮನೆಯವರಿಗೂ ತಿಳಿಸೋಣ. ನೋವು ದಿನ ಕಳೆದರೂ ಇಳಿಯದಿದ್ದರೆ, ಒಂದೇ ಜಾಗದಲ್ಲಿ ಊತವಿದ್ದರೆ, ಚೀಟಿ ಸಾಲದು, ವೈದ್ಯರಿಗೆ ತೋರಿಸಬೇಕು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹಿರಿಯ ಶಿಕ್ಷಕರೊಬ್ಬರು ನಕ್ಕರು: “ನೀವು ಚೀಟಿ ಕೊಟ್ರೆ ಎಲ್ಲರೂ ಏಳೇ ಬರೀತಾರೆ ಮೇಡಂ.” ಕೆಲವರು ಬರೆದಾರು. ಆದರೆ ನನಗೆ ಹೆಚ್ಚು ಭಯ ಅದಕ್ಕೆ ವಿರುದ್ಧವಾದದ್ದರ ಬಗ್ಗೆ. ತಂಡದಿಂದ ಕೈಬಿಟ್ಟಾರು ಎಂಬ ಅಂಜಿಕೆಗೆ ನೋವಿದ್ದರೂ ಒಂದು ಎಂದೇ ಬರೆಯುವ ಮಕ್ಕಳಿದ್ದಾರೆ. ಆದ್ದರಿಂದ ಈ ಅಂಕ ತಂಡದ ಆಯ್ಕೆಗೂ ಶಿಕ್ಷೆಗೂ ಬಳಕೆಯಾಗಬಾರದು. ಆ ನಂಬಿಕೆ ಹುಟ್ಟದಿದ್ದರೆ ಚೀಟಿ ಬರೀ ಕಾಗದ. ಕೆಲಸದ ಹೊರೆಯ ಆಕ್ಷೇಪವೂ ಬಂತು. ಅದು ನ್ಯಾಯವಾದದ್ದೇ. ಅದಕ್ಕೇ ನಾನು ಇಡೀ ಶಾಲೆಗೆ ಹೇಳುತ್ತಿಲ್ಲ. ಹದಿನೈದಿಪ್ಪತ್ತು ಮಕ್ಕಳಿಗೆ, ಮೂರು ದಿನಕ್ಕೆ.

ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ಒಂದು ಮಾತು. ಪಾಠಯೋಜನೆಯಲ್ಲಿ ನಾವು ‘ಪೂರ್ವಜ್ಞಾನ’ ಎಂಬ ಕಲಂ ತಪ್ಪದೆ ತುಂಬುತ್ತೇವೆ. ಮಕ್ಕಳು ನಿನ್ನೆ ಏನು ಮಾಡಿ ಬಂದಿದ್ದಾರೆ ಎಂದು ಕೇಳುವ ಕಲಂ ಅಲ್ಲಿಲ್ಲ. ಅದಕ್ಕೊಂದು ಸಾಲು ಸೇರಿಸಬಹುದೇ ಎಂದು ನಮ್ಮ ಬೋಧನಾ ವಿಧಾನದ ಉಪನ್ಯಾಸಕರನ್ನು ವಿನಂತಿಸುತ್ತೇನೆ.

ಮುಂದಿನ ತರಗತಿಯಲ್ಲಿ ಲ್ಯಾಕ್ಟಿಕ್ ಆಮ್ಲದ ಬಗ್ಗೆ ನಾನು ಹೇಳಿದ್ದು ತಪ್ಪೆಂದು ಎಲ್ಲರೆದುರು ತಿದ್ದಿದೆ. ನಿಲ್ಲಿಸಿದ್ದಕ್ಕೆ ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಅವನು ನಾಚಿ, “ಪರವಾಗಿಲ್ಲ ಮಿಸ್, ಇವತ್ತು ಇಳಿಯೋಕೆ ಆಗ್ತಿದೆ” ಎಂದ. ಅದು ಪಂದ್ಯ ಮುಗಿದ ನಾಲ್ಕನೆಯ ದಿನ.