ರಾಡಿ ನೀರಿನ ಮೂಲ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಮಾವುಲಿ ದೇವಿಯ ಗುಡಿಯ ಬಳಿ ಹುಟ್ಟುವ ಮಲಪ್ರಭೆ ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಒಂದು ದಿನ ನೀರು ರಾಡಿಯಾಗಿ ಕಂಡಿತೆನ್ನಿ. ಮಣ್ಣು ಕೂಡಿದ್ದು ಎಲ್ಲಿ? ಕಣಕುಂಬಿಯ ಒರತೆಯಲ್ಲೋ, ಖಾನಾಪುರದ ದಂಡೆಯಲ್ಲೋ, ನಡುವೆ ಬಂದು ಸೇರಿದ ಯಾವುದೋ ಹಳ್ಳದಲ್ಲೋ, ಅಥವಾ ನೀರು ತುಂಬಿಕೊಂಡವನ ಕೊಡದಲ್ಲೋ? ಮನೆಯಲ್ಲಿ ಕುಳಿತು ನದಿಯನ್ನು ಬೈಯುವುದು ಸುಲಭ. ದಂಡೆ ಹಿಡಿದು ಮೇಲಕ್ಕೆ ನಡೆಯುವುದು ಕಷ್ಟ. ಗಣಕಯಂತ್ರಗಳ ಲೋಕದಲ್ಲಿ ಈ ನಡಿಗೆಯನ್ನೇ ಕಾಯಕವಾಗಿಸಿಕೊಂಡವರಿದ್ದಾರೆ.

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತರ್ಜುಮೆಗಾರನಿಗೆ ಕಂಪೈಲರ್ ಎಂದು ಹೆಸರು. ಅದರ ಹಿಂದೆ ಮುಂದೆ ಇನ್ನೂ ಹಲವು ಸಾಧನಗಳುಂಟು. ಒಂದರ ಫಲ ಮತ್ತೊಂದಕ್ಕೆ ಹರಿಯುತ್ತದೆ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿ.ಸಿ.ಸಿ. ಎಂಬ ಕಂಪೈಲರಿನ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅದರ ಮೇಲೆ ದೂರನ್ನೂ ಕೊಡಬಹುದು. ದೂರು ಕೊಡುವ ವಿಷಯದಲ್ಲಿ ಲೋಕವು ಜಿಪುಣತನ ತೋರಿಲ್ಲ. ಜಿ.ಸಿ.ಸಿ.ಯ ದೂರುಗಳ ಕ್ರಮಸಂಖ್ಯೆ 2021ರಲ್ಲಿ 1 ಲಕ್ಷವನ್ನು ದಾಟಿತು.

ಇವನ್ನೆಲ್ಲ ವಿಂಗಡಿಸುವವರು ಮಾಡುವ ಮೊದಲ ಕೆಲಸ, ದೂರಿತ್ತವನ ಪ್ರೋಗ್ರಾಮನ್ನು ತಮ್ಮ ಯಂತ್ರದಲ್ಲಿ ನಡೆಸಿ ನೋಡುವುದು. ಬೆಳಗಾವಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ತನ್ನ ಕೋಣೆಯಲ್ಲಿ ಕುಳಿತೇ ಇದನ್ನು ಮಾಡಬಹುದು. ಯಾರ ಅಪ್ಪಣೆಯೂ ಬೇಡ. ಬಹಳ ಸಲ ತಪ್ಪು ದೂರಿತ್ತವನ ಕೊಡದಲ್ಲಿಯೇ ಇರುತ್ತದೆ. ಇಲ್ಲವಾದರೆ ಸಾವಿರಾರು ಸಾಲುಗಳ ಪ್ರೋಗ್ರಾಮನ್ನು ಕತ್ತರಿಸುತ್ತ ಕತ್ತರಿಸುತ್ತ ದೋಷವು ಉಳಿದಿರುವ ಹತ್ತಾರು ಸಾಲುಗಳಿಗೆ ಇಳಿಸಬೇಕು. ಅನಂತರ ಮೇಲಕ್ಕೆ ನಡಿಗೆ. ಹತ್ತು ಸಾವಿರ ತಿದ್ದುಪಡಿಗಳಲ್ಲಿ ಯಾವುದು ನೀರನ್ನು ಕದಡಿತೆಂದು ತಿಳಿಯಲು ನಟ್ಟನಡುವಿನದನ್ನು ಪರೀಕ್ಷಿಸಿ, ಅರ್ಧವನ್ನು ಕೈಬಿಟ್ಟು, ಉಳಿದುದರ ನಡುವಿಗೆ ಹೋದರೆ ಹದಿನಾಲ್ಕು ಪರೀಕ್ಷೆಗಳೊಳಗೆ ಅಪರಾಧಿ ಸಿಕ್ಕುತ್ತಾನೆ!

ಕಂಪೈಲರು ಕೆಲಸದ ನಡುವೆ ಕುಸಿದುಬಿದ್ದರೆ ಅದು ಪ್ರಾಮಾಣಿಕವಾದ ದೋಷ. ಸದ್ದಾಗುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಮೌನವಾಗಿ ತಪ್ಪು ತರ್ಜುಮೆ ಮಾಡುವುದು ಭಯಂಕರ. ನಗುನಗುತ್ತ ಸುಳ್ಳು ಲೆಕ್ಕ ಒಪ್ಪಿಸುವ ಗುಮಾಸ್ತನಂತೆ ಅದು ಎಷ್ಟೋ ಕಾಲ ಸಿಕ್ಕಿಬೀಳುವುದಿಲ್ಲ.

ಆದರೆ ವಿಂಗಡಿಸುವವರಿಗೆ ಅತ್ಯಂತ ಕಠಿಣವಾದುದು "ಇದು ದೋಷವಲ್ಲ" ಎಂಬ ಷರಾ ಬರೆಯುವ ಗಳಿಗೆ. 2000ನೆಯ ಇಸವಿಯ ಜೂನ್ ತಿಂಗಳಿನಲ್ಲಿ ದಾಖಲಾದ 323ನೆಯ ದೂರನ್ನು ನೋಡಿ. ದಶಾಂಶದ ಲೆಕ್ಕವೊಂದನ್ನು ಎರಡು ಸಲ ಮಾಡಿದರೆ ಎರಡು ಉತ್ತರ! ಕಾರಣವಿಷ್ಟೆ: ಆ ಕಾಲದ ಇಂಟೆಲ್ ಯಂತ್ರಗಳು ಲೆಕ್ಕ ಮಾಡುವಾಗ ಸಂಖ್ಯೆಯನ್ನು ತಮ್ಮೊಳಗೆ 80 ಬಿಟ್ಟುಗಳಲ್ಲಿ ಹಿಡಿಯುತ್ತಿದ್ದವು, ಸ್ಮೃತಿಕೋಶಕ್ಕೆ ಇಳಿಸಿದಾಗ 64 ಬಿಟ್ಟುಗಳೇ ಉಳಿಯುತ್ತಿದ್ದವು. ಒಂದೇ ಬಳೆಯನ್ನು ಬೆಳಿಗ್ಗೆ ಅಕ್ಕಸಾಲಿಗನ ತಕ್ಕಡಿಯಲ್ಲಿಯೂ ಸಂಜೆ ದಿನಸಿ ಅಂಗಡಿಯ ತಕ್ಕಡಿಯಲ್ಲಿಯೂ ತೂಗಿ, ತೂಕ ಏಕೆ ಕೂಡಲಿಲ್ಲವೆಂದು ಕೇಳಿದಂತೆ. ಯಾವ ಸಂಖ್ಯೆ ಯಾವಾಗ ಕೆಳಗಿಳಿಯಬೇಕೆಂಬುದನ್ನು ನಿರ್ಧರಿಸುತ್ತಿದ್ದವನು ಮಾತ್ರ ಕಂಪೈಲರು.

ತಪ್ಪು ಯಂತ್ರದ್ದು, ನಮ್ಮದಲ್ಲ ಎಂಬುದು ವಿಂಗಡಿಸಿದವರ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ದೂರಿಗೆ "ದೋಷವಲ್ಲ" ಎಂಬ ಷರಾ ಬಿತ್ತು. ಆದರೂ ಅದೇ ದೂರು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇತ್ತು. ಬಂದ ಪ್ರತಿಯೊಂದಕ್ಕೂ "323ರ ನಕಲು" ಎಂಬ ಚೀಟಿ. ಇಂಥ ಚೀಟಿಗಳೇ ನೂರಕ್ಕೂ ಮಿಕ್ಕಿದವು. ನೂರು ಮಂದಿ ಒಂದೇ ಕಲ್ಲನ್ನು ಎಡವಿದಾಗ, ಕಲ್ಲು ಯಾರ ಹೊಲದ್ದೆಂಬ ವಾದ ಗೆದ್ದು ಏನು ಪ್ರಯೋಜನ? ನಕಲೆಂದು ಬದಿಗಿಟ್ಟ ಚೀಟಿಗಳ ಎಣಿಕೆಯೇ ಒಂದು ಸಾಕ್ಷ್ಯವಾಗಿತ್ತು.

ಕೊನೆಗೆ ಪರಿಹಾರ ಕಂಪೈಲರಿನಲ್ಲಿಯೇ ದೊರೆಯಿತು. 2010ರಲ್ಲಿ ಬಂದ ಜಿ.ಸಿ.ಸಿ. 4.5ರಲ್ಲಿ, ಹೆಚ್ಚುವರಿ ಬಿಟ್ಟುಗಳನ್ನು ನಿಯಮದಂತೆ ತೊಡೆದುಹಾಕುವ ಆಯ್ಕೆಯು 'ಸಿ' ಭಾಷೆಯವರಿಗೆ ಲಭಿಸಿತು. 'ಸಿ ಪ್ಲಸ್ ಪ್ಲಸ್' ಬರೆಯುವವರು 2023ರ 13ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ 64 ಬಿಟ್ಟುಗಳ ಹೊಸ ಯಂತ್ರಗಳು ಮನೆಮನೆಗೂ ಬಂದು, ಆ ಹಳೆಯ ತಕ್ಕಡಿಯನ್ನು ಬಹುಮಟ್ಟಿಗೆ ಮೂಲೆಗೆ ಸರಿಸಿಬಿಟ್ಟಿದ್ದವು.