ಅರಿಶಿನ ಒಳ್ಳೆಯದೇ, ಆದರೆ ಸೀಸಕ್ಕೆ ಅದು ಮದ್ದಲ್ಲ



ಉತ್ಕರ್ಷಣ-ಅಪಕರ್ಷಣ ಪಾಠ ಮುಗಿಸಿದ ದಿನ ಗೆಟ್ಟವಾಡಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಅರಿಶಿನದ ಹಾಲು ಕುಡಿದ್ರೆ ಮೈಯಲ್ಲಿರೋ ಸೀಸ, ಪಾದರಸ ಎಲ್ಲಾ ತೊಳೆದು ಹೋಗುತ್ತಂತೆ. ನಮ್ಮ ಮಾವನ ಫೋನಿಗೆ ಬಂದಿತ್ತು. ನಿಜವಾ?" ತರಗತಿಯಲ್ಲಿ ಕೆಲವರು ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ.

ಮೊದಲು ಆ ನಿಜ ನೋಡೋಣ. ಸೀಸದಂತಹ ಭಾರ ಲೋಹ ದೇಹ ಸೇರಿದರೆ ಜೀವಕೋಶಗಳಲ್ಲಿ ಮುಕ್ತ ರಾಡಿಕಲ್‌ಗಳು ಹೆಚ್ಚುತ್ತವೆ. ಇವು ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಕಣಗಳು. ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನೂ ಕೆಡಿಸುತ್ತವೆ. ಇದನ್ನು ತಡೆಯಲು ದೇಹದಲ್ಲೇ ಗ್ಲುಟಾಥಯೋನ್ ಎಂಬ ವಸ್ತು ಇದೆ. ಆದರೆ ಅದರಲ್ಲಿರುವ ಗಂಧಕಕ್ಕೆ ಸೀಸ ಅಂಟಿಕೊಂಡು ಅದರ ಕೆಲಸವನ್ನೇ ನಿಲ್ಲಿಸುತ್ತೆ. ಅರಿಶಿನದ ಕರ್ಕ್ಯುಮಿನ್, ನೆಲ್ಲಿಕಾಯಿಯ ವಿಟಮಿನ್ ಸಿ ಇಂಥವು ಆಂಟಿಆಕ್ಸಿಡೆಂಟ್‌ಗಳು. ತಮ್ಮ ಎಲೆಕ್ಟ್ರಾನ್ ಕೊಟ್ಟು ರಾಡಿಕಲ್‌ಗಳನ್ನು ಸುಮ್ಮನಾಗಿಸುತ್ತವೆ. ಸೀಸ ತಿನ್ನಿಸಿದ ಇಲಿಗಳಿಗೆ ಕರ್ಕ್ಯುಮಿನ್ ಕೊಟ್ಟಾಗ ಯಕೃತ್ತು, ಮಿದುಳಿನ ಹಾನಿ ಕಡಿಮೆಯಾದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ.

ಆದರೆ ಇಲಿಗಳಿಗೆ ಕೊಟ್ಟದ್ದು ಬೇರ್ಪಡಿಸಿದ ಕರ್ಕ್ಯುಮಿನ್, ಅದೂ ದೊಡ್ಡ ಪ್ರಮಾಣದಲ್ಲಿ. ನಮ್ಮ ಅರಿಶಿನ ಪುಡಿಯಲ್ಲಿ ಅದು ನೂರಕ್ಕೆ ಮೂರು-ನಾಲ್ಕು ಪಾಲು ಇದ್ದೀತು. ಅದರಲ್ಲೂ ಕರುಳಿನಿಂದ ರಕ್ತ ಸೇರುವುದು ತೀರಾ ಸ್ವಲ್ಪ. ಅದಕ್ಕಿಂತ ಮುಖ್ಯವಾದದ್ದು, ಸೀಸ ಕ್ಯಾಲ್ಸಿಯಂನ ಜಾಗ ಹಿಡಿದು ಮೂಳೆಯೊಳಗೆ ಹತ್ತಾರು ವರ್ಷ ಕೂತಿರುತ್ತೆ. ಒಲೆಯಿಂದ ಹಾರುವ ಕಿಡಿ ಆರಿಸಿದರೆ ಸಾಕಾ? ಸೌದೆ ಎಳೆಯಬೇಕಲ್ವಾ? ಸೀಸ ಹೆಚ್ಚು ಸೇರಿದ್ದರೆ ಅದನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವೆ. ಅವನ್ನು ವೈದ್ಯರೇ ಕೊಡಬೇಕು. ಮಕ್ಕಳ ಮಿದುಳಿಗಾದ ಹಾನಿಯನ್ನು ಅವೂ ಪೂರ್ತಿ ಸರಿಮಾಡಲಾರವು. ಸೀಸ ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನೊಂದು ವಿಷಯ. ನಾವು ಅರಿಶಿನ ಬೆಳೆಯುವ ಸೀಮೆಯವರು. ಈರೋಡು ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೆ ಕೊಂಬು ಹೊಳೆಯಲಿ ಅಂತ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುವವರೂ ಲೋಕದಲ್ಲಿದ್ದಾರೆ. ಲೆಡ್ ಅಂದರೆ ಸೀಸವೇ! ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಸಿಕ್ಕಿತು. ಸರ್ಕಾರ, ವಿಜ್ಞಾನಿಗಳು ಸೇರಿ ಜನರನ್ನು ಎಚ್ಚರಿಸಿದರು, ಕಲಬೆರಕೆ ಮಾಡಿದವರಿಗೆ ದಂಡ ಹಾಕಿದರು. 2021ಕ್ಕೆ ಅದು ಸೊನ್ನೆಯಾಯಿತು. ಗಿರಣಿ ಕೆಲಸಗಾರರ ರಕ್ತದಲ್ಲೂ ಸೀಸ ಇಳಿಯಿತು. ಇದು ಕಷಾಯ ಕುಡಿಸಿ ಆದದ್ದಲ್ಲ, ಸೀಸ ಬರುವ ದಾರಿ ಮುಚ್ಚಿ ಆದದ್ದು. ನಮ್ಮ ದೇಶದಲ್ಲೂ 2000ರಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಲ್ಲಿಸಿದ್ದು ಇದೇ ದಾರಿಯಲ್ಲಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಮೊದಲು ದಾರಿ ಮುಚ್ಚೋಣ, ಆಮೇಲೆ ಊಟದ ಮಾತು. ನಮ್ಮ ಹೊಲಗಳಲ್ಲಿ ಆನೆ ಬರದಂತೆ ಸೋಲಾರ್ ಬೇಲಿ ಇದೆ. ಅದರ ಬ್ಯಾಟರಿಯೊಳಗೆ ಸೀಸದ ತಟ್ಟೆಗಳಿರುತ್ತವೆ. ಹಳೆಯದನ್ನು ಒಡೆಯಬೇಡಿ, ಕರಗಿಸಬೇಡಿ. ಅಂಗಡಿಗೆ ವಾಪಸ್ ಕೊಡಿಸಿ. ಅಂಗಡಿಯಿಂದ ತಂದ ಅರಿಶಿನದ ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ನೀರು ಕೂಡಲೇ ಗಾಢ ಹಳದಿಯಾದರೆ ಅನುಮಾನ ಪಡಿ. ಖಚಿತವಾಗಿ ಹೇಳುವುದು ಪ್ರಯೋಗಾಲಯ ಮಾತ್ರ.

ಊಟದ ವಿಷಯದಲ್ಲಿ ರಾಗಿ ಮುದ್ದೆಯನ್ನು ಮರೀಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ, ಕಬ್ಬಿಣ ಕಮ್ಮಿಯಿರುವ ದೇಹ ಸೀಸವನ್ನು ಹೆಚ್ಚು ಹೀರುತ್ತೆ. ಸೊಪ್ಪಿನ ಸಾರು, ಜೊತೆಗೊಂದು ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ.

"ಹಂಗಾದ್ರೆ ಮಾವನಿಗೆ ಏನ್ ಹೇಳ್ಲಿ ಸಾರ್?" ಅಂದಳು ಹುಡುಗಿ. ಅರಿಶಿನದ ಹಾಲು ಧಾರಾಳವಾಗಿ ಕುಡೀಲಿ, ಆದ್ರೆ ಶೆಡ್ಡಿನಲ್ಲಿರೋ ಹಳೇ ಬ್ಯಾಟರಿ ಮೊದಲು ಅಂಗಡಿಗೆ ಕೊಟ್ಟು ಬರ್ಲಿ ಅಂತ ಹೇಳು ಅಂದೆ.